ವರ್ಚುವಲ್ ಮಶೀನನ್ನು ಬ್ಯಾಕಪ್‌ನಿಂದ ಮೂಲ ಜಾಗಕ್ಕೇ ಮರಳಿಸುವುದೆಂದರೆ ಏನು?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕ ವ್ಯವಸ್ಥೆಯ ಮೇಲೆ, ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ರೋಗಿಗಳ ನೋಂದಣಿ, ದಾಖಲಾತಿ, ಬಿಡುಗಡೆ, ಪ್ರಯೋಗಾಲಯದ ವರದಿ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಐದು ಸರ್ವರ್‌ಗಳು ದಾಳಿಗೆ ಸಿಕ್ಕಿದ್ದವು, ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿದ್ದಿತ್ತು ಎಂದು ಸರ್ಕಾರ ಆಮೇಲೆ ಸಂಸತ್ತಿಗೆ ತಿಳಿಸಿತು. ದಾಳಿಕೋರರ ಕೈಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಎಂಬ ಆಸ್ಪತ್ರೆ ತಂತ್ರಾಂಶದ ದತ್ತಾಂಶವನ್ನು ಪಡೆದು ಹೊಸ ಸರ್ವರ್‌ಗಳ ಮೇಲೆ ಮರುಸ್ಥಾಪಿಸಲಾಯಿತು. ಆದರೂ ಬಹುಪಾಲು ಕೆಲಸಗಳು ಹಳಿಗೆ ಬರಲು ಎರಡು ವಾರ ಹಿಡಿಯಿತು.

ಇದನ್ನು ಓದಿದ ಯಾರಿಗಾದರೂ ಸಹಜವಾಗಿ ಏಳುವ ಪ್ರಶ್ನೆಗಳು ಎರಡು. ಬ್ಯಾಕಪ್ ಇದ್ದ ಮೇಲೆ ಅಷ್ಟು ದಿನ ಏಕೆ ಬೇಕಾಯಿತು? ಹಳೆಯ ಸರ್ವರ್ ಇದ್ದ ಜಾಗಕ್ಕೇ ಎಲ್ಲವನ್ನೂ ಮರಳಿ ಹಾಕದೆ ಹೊಸ ಸರ್ವರ್‌ಗಳನ್ನು ಏಕೆ ತರಬೇಕಾಯಿತು? ಇಂದು ತಾಲ್ಲೂಕು ಮಟ್ಟದ ಕಾಲೇಜು, ನರ್ಸಿಂಗ್ ಹೋಂ, ಪತ್ತಿನ ಸಹಕಾರ ಸಂಘಗಳಲ್ಲೂ ಲೆಕ್ಕಪತ್ರದ ತಂತ್ರಾಂಶ ವರ್ಚುವಲ್ ಮಶೀನ್‌ಗಳ ಮೇಲೆ ಓಡುತ್ತಿರುವುದರಿಂದ, ಈ ಪ್ರಶ್ನೆಗಳು ದೊಡ್ಡ ಆಸ್ಪತ್ರೆಗಳಿಗಷ್ಟೇ ಸೇರಿದವಲ್ಲ. ಬ್ಯಾಕಪ್ ತಂತ್ರಾಂಶವನ್ನು ತೆರೆದು ‘ರಿಸ್ಟೋರ್’ ಎಂದು ಕ್ಲಿಕ್ ಮಾಡಿದೊಡನೆ ಅದು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಯೇ ಇದು: ಯಂತ್ರವನ್ನು ಮೂಲ ಜಾಗಕ್ಕೆ ಮರಳಿಸಬೇಕೋ, ಬೇರೆ ಜಾಗಕ್ಕೆ ಹಾಕಬೇಕೋ? ಉತ್ತರಿಸುವ ಮುನ್ನ ಮೂಲ ಜಾಗದಲ್ಲಿ ಈಗ ಏನಿದೆ ಎಂಬುದು ಗೊತ್ತಿರಬೇಕು. ಅದು ಏಕೆ ಅಷ್ಟು ಮುಖ್ಯ ಎಂಬುದೇ ಈ ಲೇಖನದ ವಿಷಯ.

ಕಡತಗಳ ರೂಪದಲ್ಲಿರುವ ಸರ್ವರ್

ಒಂದು ಭೌತಿಕ ಸರ್ವರ್‌ನ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಪಾಲು ಮಾಡಿ, ಹಲವು ಆಪರೇಟಿಂಗ್ ಸಿಸ್ಟಮ್‌ಗಳು ಒಂದರ ಸುದ್ದಿಗೆ ಇನ್ನೊಂದು ಬಾರದಂತೆ ಏಕಕಾಲಕ್ಕೆ ನಡೆಯುವ ಹಾಗೆ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಹೀಗೆ ಪಾಲು ಪಡೆದು ಓಡುವ ಪ್ರತಿಯೊಂದೂ ಒಂದು ವರ್ಚುವಲ್ ಮಶೀನ್, ಚಿಕ್ಕದಾಗಿ ವಿಎಂ. ಅವನ್ನೆಲ್ಲ ಹೊತ್ತಿರುವ ಭೌತಿಕ ಯಂತ್ರ ಹೋಸ್ಟ್. ಈ ಕಲ್ಪನೆ ಹೊಸದೇನಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು 1972ರಲ್ಲೇ ಪ್ರಕಟಿಸಿತ್ತು. ಈಗ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಹೈಪರ್‌ವೈಸರ್‌ಗಳೆಂದರೆ ವಿಎಂವೇರ್‌ನ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟ್‌ನ ಹೈಪರ್-ವಿ, ಮತ್ತು ಮುಕ್ತ ತಂತ್ರಾಂಶವಾದ ಕೆವಿಎಂ ಆಧಾರಿತ ಪ್ರಾಕ್ಸ್‌ಮಾಕ್ಸ್.

ಒಳಗಿರುವ ವಿಂಡೋಸ್ ಅಥವಾ ಲಿನಕ್ಸ್‌ಗೆ ತಾನೊಂದು ನಿಜವಾದ ಸರ್ವರ್‌ನಲ್ಲಿದ್ದೇನೆ ಎಂದೇ ತೋರುತ್ತದೆ. ಹೊರಗಿನಿಂದ ನೋಡಿದರೆ ಅದು ಒಂದು ಫೋಲ್ಡರ್‌ನಲ್ಲಿರುವ ಕೆಲವು ಕಡತಗಳು, ಅಷ್ಟೇ. ಇಎಸ್‌ಎಕ್ಸ್‌ಐ ಹೋಸ್ಟ್‌ನ ಡೇಟಾಸ್ಟೋರ್‌ನಲ್ಲಿ, ಅಂದರೆ ವಿಎಂಗಳನ್ನು ಇಡಲೆಂದೇ ಮೀಸಲಿಟ್ಟ ಸಂಗ್ರಹಣೆಯಲ್ಲಿ, ಅಂಥದೊಂದು ಫೋಲ್ಡರ್ ತೆರೆದು ನೋಡಬಹುದು. ವಿಎಂಎಕ್ಸ್ ಎಂದು ಕೊನೆಗೊಳ್ಳುವ ಕೆಲವೇ ಕಿಲೋಬೈಟ್‌ಗಳ ಕಡತವೊಂದಿರುತ್ತದೆ. ಎಷ್ಟು ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ನೆಟ್‌ವರ್ಕ್ ಕಾರ್ಡ್ ಎಂಬ ವಿವರವೆಲ್ಲ ಅದರಲ್ಲಿ ಸಾದಾ ಪಠ್ಯವಾಗಿಯೇ ಬರೆದಿರುತ್ತದೆ. ಪಕ್ಕದಲ್ಲೇ ವಿಎಂಡಿಕೆ ಎಂದು ಕೊನೆಗೊಳ್ಳುವ, ನೂರಾರು ಗಿಗಾಬೈಟ್ ತೂಗುವ ಕಡತವಿರುತ್ತದೆ. ಅದೇ ಆ ಯಂತ್ರದ ಹಾರ್ಡ್ ಡಿಸ್ಕ್. ಆಪರೇಟಿಂಗ್ ಸಿಸ್ಟಮ್, ತಂತ್ರಾಂಶ, ದತ್ತಸಂಚಯ (ಡೇಟಾಬೇಸ್) ಎಲ್ಲ ಅದರೊಳಗೆ ಅಡಕ. ಬಯೋಸ್ ಸೆಟ್ಟಿಂಗ್‌ಗಳನ್ನು ಹಿಡಿದಿಡುವ ಸಣ್ಣ ಕಡತವೊಂದು ಮತ್ತು ಕೆಲವು ಲಾಗ್‌ಗಳು (ನಡೆದುದರ ದಾಖಲೆಗಳು) ಉಳಿದವು. ಹೈಪರ್-ವಿಯಲ್ಲಿ ಹೆಸರುಗಳು ಬೇರೆ, ಏರ್ಪಾಡು ಇದೇ.

ಇಡೀ ಸರ್ವರ್ ಹೀಗೆ ಕಡತಗಳ ರೂಪದಲ್ಲಿರುವುದರಿಂದಲೇ ಅದನ್ನು ಇಡಿಯಾಗಿ ನಕಲು ಮಾಡಿಟ್ಟು, ಇಡಿಯಾಗಿ ಮರಳಿಸುವುದು ಸಾಧ್ಯವಾಗಿದೆ.

ಬ್ಯಾಕಪ್‌ನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಓಡುತ್ತಿರುವ ಯಂತ್ರದ ಡಿಸ್ಕ್ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಅದನ್ನು ಹಾಗೇ ನಕಲಿಸಲು ಹೊರಟರೆ ಮೊದಲ ಭಾಗ ಒಂದು ಗಂಟೆಯ ಸ್ಥಿತಿಯನ್ನೂ ಕೊನೆಯ ಭಾಗ ಎರಡು ಗಂಟೆಯ ಸ್ಥಿತಿಯನ್ನೂ ತೋರಿಸುವ ಕಲಸುಮೇಲೋಗರ ಕೈಗೆ ಬರುತ್ತದೆ. ಹಾಗಾಗಿ ಬ್ಯಾಕಪ್ ತಂತ್ರಾಂಶ ಮೊದಲು ಹೈಪರ್‌ವೈಸರ್‌ಗೆ ಸ್ನ್ಯಾಪ್‌ಶಾಟ್ ತೆಗೆಯಲು ಹೇಳುತ್ತದೆ. ಆ ಕ್ಷಣದಿಂದ ಮೂಲ ಡಿಸ್ಕ್ ಕಡತಕ್ಕೆ ಬರೆಯುವುದು ನಿಂತು, ಹೊಸ ಬರಹವೆಲ್ಲ ಪಕ್ಕದ ಇನ್ನೊಂದು ಕಡತಕ್ಕೆ ಹೋಗುತ್ತದೆ. ನಿಶ್ಚಲವಾಗಿ ನಿಂತ ಮೂಲ ಡಿಸ್ಕನ್ನು ಬ್ಯಾಕಪ್ ತಂತ್ರಾಂಶ ಸಾವಕಾಶವಾಗಿ ಓದಿಕೊಳ್ಳುತ್ತದೆ. ಓದಿ ಮುಗಿದ ಮೇಲೆ ಪಕ್ಕದ ಕಡತದಲ್ಲಿದ್ದುದನ್ನು ಮೂಲಕ್ಕೆ ಸೇರಿಸಿ ಸ್ನ್ಯಾಪ್‌ಶಾಟ್ ಅಳಿಸಲಾಗುತ್ತದೆ.

ಮೊದಲ ಸಲ ಡಿಸ್ಕ್ ಪೂರ್ತಿಯಾಗಿ ಬ್ಯಾಕಪ್ ಆಗುತ್ತದೆ. ಮರುದಿನದಿಂದ ಬದಲಾದ ಭಾಗಗಳು ಮಾತ್ರ. ಯಾವ ಭಾಗ ಬದಲಾಯಿತು ಎಂದು ಟಿಪ್ಪಣಿ ಇಡುವ ಸೌಲಭ್ಯ ವಿಎಂವೇರ್‌ನಲ್ಲಿ 2009ರ ವಿಸ್ಫಿಯರ್ 4 ಆವೃತ್ತಿಯಿಂದಲೂ, ಹೈಪರ್-ವಿಯಲ್ಲಿ ವಿಂಡೋಸ್ ಸರ್ವರ್ 2016ರಿಂದಲೂ ಇದೆ. ಹೀಗೆ ಪ್ರತಿ ಬಾರಿಯ ಬ್ಯಾಕಪ್ ಒಂದೊಂದು ರಿಸ್ಟೋರ್ ಪಾಯಿಂಟ್ ಆಗುತ್ತದೆ. ಎಂದರೆ, ಯಂತ್ರವನ್ನು ಯಾವ ದಿನದ ಯಾವ ಹೊತ್ತಿನ ಸ್ಥಿತಿಗೆ ಒಯ್ಯಬಹುದು ಎಂಬುದರ ಗುರುತು.

ಇಲ್ಲಿ ಒಂದು ಸಾಮಾನ್ಯ ತಪ್ಪುಗ್ರಹಿಕೆಯನ್ನು ಬಿಡಿಸಿ ಹೇಳಬೇಕು. ಸ್ನ್ಯಾಪ್‌ಶಾಟ್ ಇದೆ ಎಂದರೆ ಬ್ಯಾಕಪ್ ಇದೆ ಎಂದು ಅರ್ಥವಲ್ಲ. ಸ್ನ್ಯಾಪ್‌ಶಾಟ್ ಇರುವುದು ಮೂಲ ಡಿಸ್ಕ್‌ನ ಜೊತೆಗೆ, ಅದೇ ಡೇಟಾಸ್ಟೋರ್‌ನಲ್ಲಿ. ಡೇಟಾಸ್ಟೋರ್ ಹೋದರೆ ಎರಡೂ ಹೋದಂತೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು ಎಂಬುದು ವಿಎಂವೇರ್‌ನದೇ ಸಲಹೆ, ಏಕೆಂದರೆ ಪಕ್ಕದ ಕಡತ ಬೆಳೆಯುತ್ತ ಹೋಗಿ ಯಂತ್ರವೂ ನಿಧಾನವಾಗುತ್ತದೆ, ಜಾಗವೂ ತುಂಬಿಬಿಡುತ್ತದೆ.

ಬ್ಯಾಕಪ್‌ನ ಗುಣಮಟ್ಟದಲ್ಲೂ ಎರಡು ಬಗೆಗಳಿವೆ. ಯಂತ್ರದ ಒಳಗಿನ ತಂತ್ರಾಂಶಗಳಿಗೆ ಸುಳಿವು ಕೊಡದೆ ತೆಗೆದ ನಕಲು, ಇದ್ದಕ್ಕಿದ್ದಂತೆ ಕರೆಂಟ್ ಹೋದಾಗ ಡಿಸ್ಕ್ ಹೇಗಿರುತ್ತದೋ ಹಾಗಿರುತ್ತದೆ. ಮರಳಿಸಿದ ಮೇಲೆ ಯಂತ್ರ ಏಳುತ್ತದೆ, ಆದರೆ ದತ್ತಸಂಚಯ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯ ಬಗೆಯಲ್ಲಿ, ವಿಂಡೋಸ್‌ನಲ್ಲಿರುವ ವಿಎಸ್‌ಎಸ್ ಸೇವೆಯ ಮೂಲಕ ದತ್ತಸಂಚಯಕ್ಕೆ ಮುಂಚಿತವಾಗಿ ಸೂಚನೆ ಹೋಗಿ, ಅದು ಮೆಮೊರಿಯಲ್ಲಿದ್ದುದನ್ನು ಡಿಸ್ಕ್‌ಗೆ ಬರೆದು ಒಂದು ಕ್ಷಣ ತಡೆದು ನಿಲ್ಲುತ್ತದೆ, ಆಗ ನಕಲು ತೆಗೆಯಲಾಗುತ್ತದೆ. ಲೆಕ್ಕಪತ್ರದ ಯಂತ್ರಗಳಿಗೆ ಬೇಕಾದದ್ದು ಈ ಎರಡನೆಯದು.

ಇನ್ನು ಬ್ಯಾಕಪ್‌ಗೆ ಬಾರದವು. ವಿಎಂವೇರ್‌ನಲ್ಲಿ ‘ಇಂಡಿಪೆಂಡೆಂಟ್’ ಎಂದು ಗುರುತಿಸಿದ ಡಿಸ್ಕ್‌ಗಳು ಸ್ನ್ಯಾಪ್‌ಶಾಟ್‌ಗೆ ಒಳಪಡುವುದಿಲ್ಲ, ಆದ್ದರಿಂದ ವಿಎಂ ಮಟ್ಟದ ಬ್ಯಾಕಪ್‌ಗೂ ಸಿಗುವುದಿಲ್ಲ. ಯಂತ್ರದ ಒಳಗಿನಿಂದ ನೆಟ್‌ವರ್ಕ್ ಮೂಲಕ ಜೋಡಿಸಿಕೊಂಡ ಎನ್‌ಎಎಸ್ (ನೆಟ್‌ವರ್ಕ್ ಸಂಗ್ರಹಣಾ ಸಾಧನ) ಫೋಲ್ಡರ್‌ಗಳೂ ಸೇರುವುದಿಲ್ಲ. ಹೋಸ್ಟ್‌ಗೆ ಚುಚ್ಚಿದ ತಂತ್ರಾಂಶ ಪರವಾನಗಿಯ ಯುಎಸ್‌ಬಿ ಡಾಂಗಲ್ ಅಂತೂ ಹೋಸ್ಟ್‌ನಲ್ಲೇ ಉಳಿಯುವ ವಸ್ತು. ಯಂತ್ರ ಮರಳಿ ಎದ್ದ ಮೇಲೆ ‘ಡಿ ಡ್ರೈವ್ ಎಲ್ಲಿ ಹೋಯಿತು’ ಎಂದು ಹುಡುಕಾಡುವ ಬಹಳಷ್ಟು ಪ್ರಸಂಗಗಳ ಮೂಲ ಇಲ್ಲಿದೆ.

ಮೂಲ ಜಾಗ ಎಂಬುದು ಬರೀ ಜಾಗವಲ್ಲ

ಮೂಲ ಜಾಗ ಎಂದರೆ ಅದೇ ಹೋಸ್ಟ್ ಅಥವಾ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಹೋಸ್ಟ್‌ಗಳ ಗುಂಪು), ಅದೇ ಡೇಟಾಸ್ಟೋರ್, ಅದೇ ಫೋಲ್ಡರ್, ಅದೇ ನೆಟ್‌ವರ್ಕ್ ಮತ್ತು ಅದೇ ಹೆಸರು. ಇವಿಷ್ಟೂ ಪರದೆಯ ಮೇಲೆ ಕಾಣುವವು. ಕಾಣದ ಇನ್ನೊಂದು ಅಂಶವೆಂದರೆ ಗುರುತು. ಪ್ರತಿ ವಿಎಂಗೂ ಯುಯುಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆಯೂ, ಅದರ ನೆಟ್‌ವರ್ಕ್ ಕಾರ್ಡ್‌ಗೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಮ್ಯಾಕ್ ವಿಳಾಸವೂ ಇರುತ್ತವೆ. ವಿಎಂವೇರ್ ವಿಎಂಗಳ ಮ್ಯಾಕ್ ವಿಳಾಸ ಸಾಮಾನ್ಯವಾಗಿ 00:50:56 ಎಂದು ಆರಂಭವಾಗುವುದನ್ನು ನೆಟ್‌ವರ್ಕ್ ನೋಡಿಕೊಳ್ಳುವವರು ಗಮನಿಸಿರುತ್ತಾರೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇವುಗಳ ಜೊತೆಗೆ 100ರಿಂದ ಆರಂಭವಾಗುವ ಸರಳ ವಿಎಂ ಸಂಖ್ಯೆಯೂ ಇದೆ.

ಮನೆ ಹಳೆಯದಾಗಿ ಅದೇ ನಿವೇಶನದಲ್ಲಿ ಮತ್ತೆ ಕಟ್ಟಿದರೆ ಖಾತೆ ಸಂಖ್ಯೆ, ಮೀಟರಿನ ಆರ್‌ಆರ್ ನಂಬರು, ಅಂಚೆಯವರಿಗೆ ಗೊತ್ತಿರುವ ವಿಳಾಸ ಎಲ್ಲ ಹಾಗೇ ಉಳಿಯುತ್ತವೆ. ಬೇರೆ ನಿವೇಶನದಲ್ಲಿ ಕಟ್ಟಿದರೆ ಒಂದೊಂದನ್ನೂ ಬದಲಿಸಿಕೊಂಡು ಬರಬೇಕು. ಮೂಲ ಜಾಗಕ್ಕೆ ಮರಳಿಸುವುದರ ಅನುಕೂಲ ಸರಿಯಾಗಿ ಇಂಥದ್ದೇ. ಮ್ಯಾಕ್ ವಿಳಾಸ ಉಳಿಯುವುದರಿಂದ ಅದಕ್ಕೆಂದು ಕಾದಿರಿಸಿದ ಐಪಿ ವಿಳಾಸವೇ ಸಿಗುತ್ತದೆ, ಮ್ಯಾಕ್ ವಿಳಾಸಕ್ಕೆ ಬೆಸೆದ ತಂತ್ರಾಂಶ ಪರವಾನಗಿ ತಕರಾರು ಮಾಡುವುದಿಲ್ಲ, ಆ ಸರ್ವರನ್ನು ನಂಬಿಕೊಂಡ ಮುದ್ರಕದಿಂದ ಹಿಡಿದು ಜಾಲತಾಣದವರೆಗೆ ಯಾವುದನ್ನೂ ಮುಟ್ಟಬೇಕಾಗಿಲ್ಲ. ಆದರೆ ಅದೇ ನಿವೇಶನದಲ್ಲಿ ಕಟ್ಟಬೇಕಾದರೆ, ಅಲ್ಲಿ ಈಗ ನಿಂತಿರುವುದನ್ನು ಕೆಡವಿಯೇ ತೀರಬೇಕು.

ಗುರುತಿನ ವಿಷಯವನ್ನು ತಂತ್ರಾಂಶಗಳು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ವಿಎಂವೇರ್ ಯಂತ್ರವೊಂದರ ಕಡತಗಳನ್ನು ಕೈಯಾರೆ ಬೇರೆಡೆ ಇಟ್ಟು ಚಾಲೂ ಮಾಡಿದರೆ, ಅದು ನಡುವೆ ನಿಂತು, ‘ಇದನ್ನು ಸ್ಥಳಾಂತರಿಸಿದ್ದೀರೋ, ನಕಲು ಮಾಡಿದ್ದೀರೋ’ ಎಂದು ಕೇಳುತ್ತದೆ. ಸ್ಥಳಾಂತರ ಎಂದರೆ ಹಳೆಯ ಗುರುತನ್ನೇ ಉಳಿಸುತ್ತದೆ. ನಕಲು ಎಂದರೆ ಹೊಸ ಯುಯುಐಡಿ, ಹೊಸ ಮ್ಯಾಕ್ ವಿಳಾಸ ಕೊಡುತ್ತದೆ. ಪ್ರಾಕ್ಸ್‌ಮಾಕ್ಸ್‌ನ ರಿಸ್ಟೋರ್ ಪರದೆಯಲ್ಲಿರುವ ‘ಯುನೀಕ್’ ಎಂಬ ಚೌಕವೂ ಮ್ಯಾಕ್ ವಿಳಾಸದಂಥ ಗುರುತುಗಳನ್ನು ಹೊಸದಾಗಿ ಸೃಷ್ಟಿಸುವುದಕ್ಕೇ ಇರುವುದು. ಒಂದೇ ಗುರುತಿನ ಎರಡು ಯಂತ್ರಗಳು ಒಂದೇ ನೆಟ್‌ವರ್ಕ್‌ನಲ್ಲಿ ಒಟ್ಟಿಗೆ ಎದ್ದರೆ ಯಾವುದಕ್ಕೂ ಸರಿಯಾಗಿ ಸಂಪರ್ಕ ಸಿಗುವುದಿಲ್ಲ.

ಕ್ಲಿಕ್ ಮಾಡಿದ ಮೇಲೆ ನಡೆಯುವುದು

ಮೂಲ ಜಾಗ ಎಂದು ಆರಿಸಿ, ರಿಸ್ಟೋರ್ ಪಾಯಿಂಟ್ ಸೂಚಿಸಿ ಒಪ್ಪಿಗೆ ಕೊಟ್ಟೊಡನೆ ತಂತ್ರಾಂಶ ಮೊದಲು ಆ ಗುರುತಿನ ಯಂತ್ರ ಅಲ್ಲಿ ಇನ್ನೂ ಇದೆಯೇ ಎಂದು ನೋಡುತ್ತದೆ. ಇದ್ದರೆ, ಓಡುತ್ತಿದ್ದರೆ, ಅದನ್ನು ನಿಲ್ಲಿಸುತ್ತದೆ. ಆಮೇಲಿನ ನಡೆ ಒಂದೊಂದು ಉತ್ಪನ್ನದಲ್ಲಿ ಒಂದೊಂದು ಬಗೆ, ಮತ್ತು ಈ ವ್ಯತ್ಯಾಸಗಳು ಸಣ್ಣವೇನಲ್ಲ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಯಂತ್ರದ ಸ್ವಂತ ಬ್ಯಾಕಪ್ ಪುಟದಿಂದ ರಿಸ್ಟೋರ್ ಒತ್ತಿದರೆ, ಈಗಿರುವ ವಿಎಂ ದತ್ತಾಂಶ ಶಾಶ್ವತವಾಗಿ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ಅದು ಅಕ್ಷರಶಃ ನಿಜ. ವೀಮ್ ಎಂಬ ಬ್ಯಾಕಪ್ ತಂತ್ರಾಂಶ ಓಡುತ್ತಿರುವ ಮೂಲ ಯಂತ್ರವನ್ನು ನಿಲ್ಲಿಸಿ, ಬ್ಯಾಕಪ್‌ನಲ್ಲಿದ್ದ ಡಿಸ್ಕ್‌ಗಳನ್ನು ಮಾತ್ರ ಮರಳಿಸುತ್ತದೆ. ಬ್ಯಾಕಪ್‌ಗೆ ಸೇರದ ಡಿಸ್ಕ್‌ಗಳನ್ನು ಹಾಗೇ ಬಿಡುತ್ತದೆ. ಇದು ಒಳ್ಳೆಯದೆಂದು ತೋರಿದರೂ ಅದರಲ್ಲೊಂದು ತೊಡಕಿದೆ: ಸಿ ಡ್ರೈವ್ ಮೊನ್ನೆಯದು, ಡಿ ಡ್ರೈವ್ ಇವತ್ತಿನದು ಎಂಬಂಥ ಯಂತ್ರ ಎದ್ದು ನಿಂತರೆ, ಎರಡನ್ನೂ ಅವಲಂಬಿಸಿದ ತಂತ್ರಾಂಶ ಗಲಿಬಿಲಿಗೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿ ಇದೇ ಕೆಲಸಕ್ಕೆ ‘ರಿಪ್ಲೇಸ್ ಎಕ್ಸಿಸ್ಟಿಂಗ್’ ಎಂಬ ಆಯ್ಕೆಯಿದ್ದು, ಅಲ್ಲಿ ಮೂಲ ಯಂತ್ರ ಇನ್ನೂ ಅಸ್ತಿತ್ವದಲ್ಲಿರಲೇಬೇಕು. ಅಳಿಸಿಹೋಗಿದ್ದರೆ ಈ ಆಯ್ಕೆ ನಡೆಯದು. ಡಿಸ್ಕ್ ಬದಲಿಸುವ ಮುನ್ನ ಅಜೂರ್ ಈಗಿನ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ, ತೆಗೆದುಹಾಕಿದ ಹಳೆಯ ಡಿಸ್ಕನ್ನೂ ಉಳಿಸಿಕೊಳ್ಳುತ್ತದೆ. ಮೂರರಲ್ಲಿ ತಪ್ಪು ತಿದ್ದಿಕೊಳ್ಳಲು ಹೆಚ್ಚು ಅವಕಾಶ ಕೊಡುವುದು ಈ ಕೊನೆಯ ಪದ್ಧತಿಯೇ.

ಮೈಕ್ರೋಸಾಫ್ಟ್‌ನ ಇನ್ನೊಂದು ಉತ್ಪನ್ನವಾದ ಅಜೂರ್ ಬ್ಯಾಕಪ್ ಸರ್ವರ್, ವಿಎಂವೇರ್ ಯಂತ್ರಗಳ ವಿಷಯದಲ್ಲಿ ಬೇರೊಂದು ಷರತ್ತು ಹಾಕುತ್ತದೆ. ಬ್ಯಾಕಪ್ ಆದ ನಂತರ ಯಂತ್ರಕ್ಕೆ ಡಿಸ್ಕ್ ಸೇರಿಸಿದ್ದರೆ ಅಥವಾ ತೆಗೆದಿದ್ದರೆ ಮೂಲ ಜಾಗಕ್ಕೆ ಮರಳಿಸಲು ಅದು ಒಪ್ಪುವುದಿಲ್ಲ, ಬೇರೆ ಜಾಗಕ್ಕೇ ಹಾಕಬೇಕು.

ಸಮಯದ ಲೆಕ್ಕವನ್ನೂ ನೋಡೋಣ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ನೆಟ್‌ವರ್ಕ್‌ನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 125 ಮೆಗಾಬೈಟ್ ಸಾಗುತ್ತದೆ. 500 ಗಿಗಾಬೈಟ್ ಡಿಸ್ಕ್ ಮರಳಿಸಲು ಕಾಗದದ ಮೇಲಿನ ಲೆಕ್ಕದಲ್ಲೇ 4,000 ಸೆಕೆಂಡ್, ಎಂದರೆ ಒಂದು ಗಂಟೆ ಏಳು ನಿಮಿಷ ಬೇಕು. ನಿಜಜೀವನದಲ್ಲಿ ಸಂಗ್ರಹಣೆಯ ವೇಗ, ಬ್ಯಾಕಪ್ ಬಿಚ್ಚುವ ಕೆಲಸ, ಬೇರೆ ಸಂಚಾರ ಎಲ್ಲ ಸೇರಿ ಇದು ಹಿಗ್ಗುತ್ತದೆ. ಅಂಥ ಹತ್ತಾರು ಯಂತ್ರಗಳಿದ್ದರೆ ದಿನಗಳೇ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಹೊತ್ತನ್ನು ಕಡಿಮೆ ಮಾಡುವ ಒಂದು ಉಪಾಯ ಮೂಲ ಜಾಗಕ್ಕೆ ಮರಳಿಸುವಾಗ ಮಾತ್ರ ಲಭ್ಯ. ಬ್ಯಾಕಪ್ ಆದಮೇಲೆ ಡಿಸ್ಕ್‌ನ ಯಾವ ಭಾಗಗಳು ಬದಲಾಗಿವೆ ಎಂಬ ಟಿಪ್ಪಣಿ ಹೈಪರ್‌ವೈಸರ್ ಬಳಿ ಇದೆಯಲ್ಲ, ಆ ಭಾಗಗಳನ್ನಷ್ಟೇ ಹಿಂದಿನ ಸ್ಥಿತಿಗೆ ತಿರುಗಿಸಿದರೆ ಸಾಕು. ವೀಮ್ ಇದನ್ನು ‘ಕ್ವಿಕ್ ರೋಲ್‌ಬ್ಯಾಕ್’ ಎನ್ನುತ್ತದೆ. 500 ಗಿಗಾಬೈಟ್‌ನಲ್ಲಿ 12 ಗಿಗಾಬೈಟ್ ಮಾತ್ರ ಬದಲಾಗಿದ್ದರೆ, ಮೇಲಿನ ಲೆಕ್ಕದಂತೆ ಒಂದು ಗಂಟೆಯ ಕೆಲಸ ಎರಡು ನಿಮಿಷದೊಳಗೆ ಮುಗಿಯಬಹುದು. ಆದರೆ ಇದು ಸಲ್ಲುವುದು ತಪ್ಪು ಅಪ್‌ಡೇಟ್, ಕೈತಪ್ಪಿ ಅಳಿಸಿದ ಕೋಷ್ಟಕದಂಥ, ಯಂತ್ರದ ಒಳಗಿನ ತಪ್ಪುಗಳಿಗೆ ಮಾತ್ರ. ಡಿಸ್ಕ್ ಕೆಟ್ಟಿದ್ದರೆ, ಸಂಗ್ರಹಣೆಯಲ್ಲೇ ದೋಷವಿದ್ದರೆ, ಕರೆಂಟ್ ಹೋಗಿ ಹೋಸ್ಟ್ ಕುಸಿದಿದ್ದರೆ ಆ ಟಿಪ್ಪಣಿಯನ್ನು ನಂಬುವಂತಿಲ್ಲ. ‘ಬದಲಾಗಿಲ್ಲ’ ಎಂದು ಅದು ಹೇಳುವ ಭಾಗವೇ ಹಾಳಾಗಿರಬಹುದು.

ನಡುವಿನ ಹೊತ್ತಿನ ಕೆಲಸ ಏನಾಗುತ್ತದೆ?

ಪತ್ತಿನ ಸಹಕಾರ ಸಂಘವೊಂದರ ಲೆಕ್ಕಪತ್ರದ ಯಂತ್ರಕ್ಕೆ ಪ್ರತಿ ರಾತ್ರಿ ಒಂದು ಗಂಟೆಗೆ ಬ್ಯಾಕಪ್ ಆಗುತ್ತದೆ ಎಂದಿಟ್ಟುಕೊಳ್ಳೋಣ. ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಹಾಕಿದ ಅಪ್‌ಡೇಟ್ ಬಡ್ಡಿಯ ಕೋಷ್ಟಕವನ್ನು ಕೆಡಿಸುತ್ತದೆ. ಯಾರಿಗೂ ತಕ್ಷಣ ತಿಳಿಯುವುದಿಲ್ಲ. ಬುಧವಾರ ಸಂಜೆ ನಾಲ್ಕಕ್ಕೆ ಸದಸ್ಯರೊಬ್ಬರು ಪಾಸ್‌ಬುಕ್ ಹಿಡಿದು ಬಂದಾಗ ಸಂಗತಿ ಹೊರಬೀಳುತ್ತದೆ. ಬುಧವಾರ ನಸುಕಿನ ಬ್ಯಾಕಪ್‌ನಲ್ಲೂ ಕೆಟ್ಟ ಕೋಷ್ಟಕವೇ ಇದೆ, ಆದ್ದರಿಂದ ಅದು ಉಪಯೋಗಕ್ಕೆ ಬಾರದು. ಮಂಗಳವಾರ ನಸುಕಿನದಕ್ಕೆ ಹೋಗಬೇಕು. ಹಾಗೆ ಹೋದರೆ ಮಂಗಳವಾರ ಒಂದು ಗಂಟೆಯಿಂದ ಬುಧವಾರ ನಾಲ್ಕು ಗಂಟೆಯವರೆಗಿನ 39 ಗಂಟೆಗಳ ದಾಖಲೆ ಯಂತ್ರದಿಂದ ಮಾಯವಾಗುತ್ತದೆ.

ಯಂತ್ರ ಮರೆತರೂ ಹೊರಗಿನ ಲೋಕ ಮರೆಯುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ತೊಂದರೆ. ಆ ಎರಡು ದಿನ ಪಿಗ್ಮಿ ಏಜೆಂಟರು ಸಂಗ್ರಹಿಸಿದ ಹಣದ ವಿವರ ಅವರ ಕೈಯಂತ್ರದಲ್ಲಿದೆ, ಸದಸ್ಯರ ಕೈಯಲ್ಲಿ ರಸೀದಿ ಇದೆ, ಬೇರೆ ಬ್ಯಾಂಕಿನ ಮೂಲಕ ಹೋದ ನೆಫ್ಟ್ ಪಾವತಿ ಆ ಬ್ಯಾಂಕಿನ ಪುಸ್ತಕದಲ್ಲಿದೆ. ಮೂಲ ಜಾಗದಲ್ಲಿ ಎದ್ದ ಯಂತ್ರಕ್ಕೆ ಮಾತ್ರ ಇದಾವುದೂ ಗೊತ್ತಿಲ್ಲ, ಮತ್ತು ಅದು ಸೋಮವಾರ ನಿಲ್ಲಿಸಿದ್ದ ರಸೀದಿ ಸಂಖ್ಯೆಯಿಂದಲೇ ಮುಂದುವರಿಯುತ್ತದೆ. ಒಂದೇ ಸಂಖ್ಯೆಯ ಎರಡು ರಸೀದಿಗಳು ಹುಟ್ಟುತ್ತವೆ.

ಎಷ್ಟು ಹೊತ್ತಿನ ದಾಖಲೆ ಹೋದರೆ ತಾಳಿಕೊಳ್ಳಬಹುದು ಎಂಬ ಮಿತಿಯನ್ನು ಈ ಕ್ಷೇತ್ರದಲ್ಲಿ ಆರ್‌ಪಿಒ ಎಂದೂ, ಎಷ್ಟು ಹೊತ್ತಿನೊಳಗೆ ಕೆಲಸ ಮತ್ತೆ ಆರಂಭವಾಗಬೇಕು ಎಂಬ ಮಿತಿಯನ್ನು ಆರ್‌ಟಿಒ ಎಂದೂ ಕರೆಯುತ್ತಾರೆ. (ವಾಹನ ನೋಂದಣಿ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ.) ರಾತ್ರಿಗೊಮ್ಮೆ ಬ್ಯಾಕಪ್ ಎಂದರೆ ಒಂದು ದಿನದ ಕೆಲಸ ಹೋದರೂ ಸರಿ ಎಂದು ಒಪ್ಪಿಕೊಂಡಂತೆ. ಇದನ್ನು ಕಡಿಮೆ ಮಾಡಲು ಪ್ರತಿ ಬದಲಾವಣೆಯನ್ನೂ ಬರೆದಿಡುವ ದತ್ತಸಂಚಯದ ವಹಿವಾಟು ಲಾಗನ್ನು ಹದಿನೈದು ನಿಮಿಷಕ್ಕೊಮ್ಮೆ ಪ್ರತ್ಯೇಕವಾಗಿ ಬ್ಯಾಕಪ್ ಮಾಡುವ ಪದ್ಧತಿಯಿದೆ. ಆಗ ಮೊದಲು ದತ್ತಸಂಚಯವನ್ನು ಹಿಂದಿನ ಸ್ಥಿತಿಗೆ ತಂದು, ನಂತರ ಲಾಗ್‌ಗಳನ್ನು ಕ್ರಮವಾಗಿ ಹಾಕುತ್ತ ಮಂಗಳವಾರ ಹನ್ನೊಂದು ಇಪ್ಪತ್ತೈದರವರೆಗೆ ಮುಂದೆ ತರಬಹುದು. ಆ ಲಾಗ್ ಬ್ಯಾಕಪ್‌ಗಳನ್ನು ಅದೇ ಯಂತ್ರದ ಡಿಸ್ಕ್‌ನಲ್ಲಿ ಇಟ್ಟಿದ್ದರೆ, ಮೂಲ ಜಾಗಕ್ಕೆ ಮರಳಿಸುವ ಕ್ರಿಯೆಯೇ ಅವನ್ನೂ ಅಳಿಸಿಹಾಕುತ್ತದೆ.

ಇದರಿಂದಲೇ ಅನುಭವಿಗಳು ಪಾಲಿಸುವ ಒಂದು ಕ್ರಮ ಹುಟ್ಟಿದೆ: ಕೆಟ್ಟ ಯಂತ್ರವನ್ನೂ ಮೊದಲು ಬ್ಯಾಕಪ್ ಮಾಡುವುದು. ಕೆಟ್ಟದ್ದನ್ನು ಕಾಪಾಡಿ ಏನು ಪ್ರಯೋಜನ ಎನ್ನಿಸಬಹುದು. ಬಡ್ಡಿಯ ಕೋಷ್ಟಕ ಕೆಟ್ಟಿದ್ದರೂ ಆ ಎರಡು ದಿನಗಳ ರಸೀದಿಗಳು ಅದರೊಳಗೆ ಸರಿಯಾಗಿಯೇ ಇರುತ್ತವೆ. ಆಮೇಲೆ ಆ ನಕಲನ್ನು ಬೇರೆ ಹೆಸರಿನಲ್ಲಿ, ನೆಟ್‌ವರ್ಕ್ ಕಡಿದು ಎಬ್ಬಿಸಿ, ಬೇಕಾದ್ದನ್ನು ಹೊರತೆಗೆಯಬಹುದು.

ಮೂಲ ಜಾಗ ಬೇಡವೆನ್ನುವ ಸಂದರ್ಭಗಳು

ಏಮ್ಸ್ ಪ್ರಕರಣದ ಹೊಸ ಸರ್ವರ್‌ಗಳ ಪ್ರಶ್ನೆಗೆ ಈಗ ಬರಬಹುದು. ರ‍್ಯಾನ್ಸಮ್‌ವೇರ್ ದಾಳಿಯಲ್ಲಿ ಕೆಟ್ಟಿರುವುದು ಯಂತ್ರ ಮಾತ್ರವೇ, ಅದು ನಿಂತಿರುವ ನೆಲವೂ ಕೆಟ್ಟಿದೆಯೇ ಎಂಬುದು ಮೊದಲ ದಿನ ಯಾರಿಗೂ ತಿಳಿದಿರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಹಲವು ದೇಶಗಳಿಗೆ ಹರಡಿದ ಇಎಸ್‌ಎಕ್ಸ್‌ಐ-ಆರ್ಗ್ಸ್ ದಾಳಿ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿ ದಾಳಿಕೋರರು ನುಗ್ಗಿದ್ದು ವಿಎಂಗಳ ಒಳಗಿನ ವಿಂಡೋಸ್‌ಗೆ ಅಲ್ಲ, ನೇರವಾಗಿ ಹೋಸ್ಟ್‌ನ ಹೈಪರ್‌ವೈಸರ್‌ಗೆ. ಪರಿಹಾರ ತೇಪೆ 2021ರಲ್ಲೇ ಬಂದಿದ್ದರೂ ಹಾಕಿಕೊಳ್ಳದ ಹೋಸ್ಟ್‌ಗಳು ಸಿಕ್ಕಿಬಿದ್ದವು. ಅಂಥ ಹೋಸ್ಟ್‌ನ ಮೇಲೆ ಶುದ್ಧ ಬ್ಯಾಕಪ್ ತಂದಿಟ್ಟರೂ ಅದು ಮರುದಿನ ಮತ್ತೆ ಬೀಗ ಬಿದ್ದು ಕುಳಿತಿರಬಹುದು.

ಎರಡನೆಯ ಕಾರಣ ಸಾಕ್ಷ್ಯ. ಭಾರತದಲ್ಲಿ ಸೈಬರ್ ಘಟನೆಗಳನ್ನು ನಿಭಾಯಿಸುವ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು ಉಳಿಸಿಕೊಂಡಿರಬೇಕು. ದಾಳಿಕೋರ ಹೇಗೆ ಬಂದ, ಯಾವಾಗ ಬಂದ ಎಂಬ ಜಾಡು ಇರುವುದು ಕೆಟ್ಟ ಯಂತ್ರದ ಡಿಸ್ಕ್‌ನಲ್ಲೇ. ಮೂಲ ಜಾಗಕ್ಕೆ ಮರಳಿಸಿದರೆ ಆ ಜಾಡನ್ನು ನಮ್ಮ ಕೈಯಿಂದಲೇ ಒರೆಸಿಹಾಕಿದಂತಾಗುತ್ತದೆ. ಯಾವಾಗ ಬಂದ ಎಂಬುದು ತಿಳಿಯದೆ ಯಾವ ದಿನದ ರಿಸ್ಟೋರ್ ಪಾಯಿಂಟ್ ಶುದ್ಧ ಎಂದು ಹೇಳುವುದೂ ಆಗದು. ಬೀಗ ಹಾಕುವುದಕ್ಕೆ ವಾರಗಳ ಮುನ್ನವೇ ಒಳಸೇರಿ ಕುಳಿತಿರುವುದು ಇಂಥ ದಾಳಿಗಳಲ್ಲಿ ಸಾಮಾನ್ಯ. ಹಾಗಾಗಿ ಪ್ರತ್ಯೇಕ ಸರ್ವರ್‌ಗಳ ಮೇಲೆ, ಹೊರಗಿನ ಸಂಪರ್ಕ ಕಡಿದು, ಒಂದೊಂದನ್ನೇ ಎಬ್ಬಿಸಿ, ಪರೀಕ್ಷಿಸಿ, ಆಮೇಲೆ ಬಳಕೆಗೆ ಬಿಡಬೇಕಾಗುತ್ತದೆ. ಇಂಥ ಕೆಲಸದಲ್ಲಿ ದಿನಗಳು ಕಳೆಯುವುದು ನಕಲಿಸುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುವುದರಲ್ಲಿ.

ಮೂಲ ಜಾಗವೇ ಇಲ್ಲವಾಗುವ ಸಂದರ್ಭವೂ ಇದೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇರಿಸಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. ಬೇರೆಡೆ ಬ್ಯಾಕಪ್ ಇದ್ದವರಿಗೂ ಮೂಲ ಜಾಗ ಎಂಬ ಆಯ್ಕೆ ಉಳಿದಿರಲಿಲ್ಲ.

ಬೇಕಾಗಿರುವುದು ಅಳಿಸಿಹೋದ ಒಂದೆರಡು ಕಡತವಾದರೆ ಇಡೀ ಯಂತ್ರವನ್ನು ಹಿಂದಕ್ಕೆ ಒಯ್ಯುವ ಅಗತ್ಯವೇ ಇಲ್ಲ. ಬಹುತೇಕ ಬ್ಯಾಕಪ್ ತಂತ್ರಾಂಶಗಳು ಬ್ಯಾಕಪ್‌ನೊಳಗಿನ ಡಿಸ್ಕನ್ನು ತೆರೆದು ಕಡತವನ್ನಷ್ಟೇ ಹೊರತೆಗೆಯಲು ಬಿಡುತ್ತವೆ.

ಇದಕ್ಕೆ ವಿರುದ್ಧವಾಗಿ, ಮೂಲ ಜಾಗವೇ ಸುಲಭವಾದ ಸಂದರ್ಭವೂ ಉಂಟು. ಹೈಪರ್-ವಿಯಲ್ಲಿ ವರ್ಚುವಲ್ ಟಿಪಿಎಂ (ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್‌ನ ವರ್ಚುವಲ್ ರೂಪ) ಹಾಕಿಕೊಂಡ ಯಂತ್ರದ ಗೂಢಲಿಪಿ ಕೀಲಿಗಳು ಸಾಮಾನ್ಯವಾಗಿ ಆ ಹೋಸ್ಟ್‌ನ ಪ್ರಮಾಣಪತ್ರಕ್ಕೆ ಬೆಸೆದಿರುತ್ತವೆ. ಆ ಪ್ರಮಾಣಪತ್ರವನ್ನು ಮೊದಲೇ ತೆಗೆದಿಡದಿದ್ದರೆ ಬೇರೆ ಹೋಸ್ಟ್‌ನಲ್ಲಿ ಯಂತ್ರ ಏಳುವುದೇ ಇಲ್ಲ.

ಡೊಮೇನ್ ಕಂಟ್ರೋಲರ್ ಎಂಬ ವಿಶೇಷ ಪ್ರಕರಣ

ಕಚೇರಿಯ ಎಲ್ಲರ ಲಾಗಿನ್ ಮತ್ತು ಪಾಸ್‌ವರ್ಡ್ ನೋಡಿಕೊಳ್ಳುವ ವಿಂಡೋಸ್ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ಸಾಮಾನ್ಯವಾಗಿ ಇವು ಎರಡೋ ಮೂರೋ ಇದ್ದು, ಬದಲಾವಣೆಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತಿರುತ್ತವೆ. ಪ್ರತಿಯೊಂದೂ ತನ್ನ ಬದಲಾವಣೆಗಳಿಗೆ ಏರುವ ಕ್ರಮದಲ್ಲಿ ಸಂಖ್ಯೆ ಕೊಡುತ್ತದೆ, ಉಳಿದವು ‘ನಿನ್ನಿಂದ 5,000ದವರೆಗೆ ಕೇಳಿದ್ದೇನೆ’ ಎಂದು ನೆನಪಿಟ್ಟುಕೊಳ್ಳುತ್ತವೆ. ಅದರಲ್ಲೊಂದನ್ನು ಹಳೆಯ ಸ್ಥಿತಿಗೆ ಒಯ್ದರೆ ಅದರ ಎಣಿಕೆ 4,000ಕ್ಕೆ ಇಳಿಯುತ್ತದೆ. ಅಲ್ಲಿಂದ ಅದು ಮಾಡುವ ಹೊಸ ಬದಲಾವಣೆಗಳಿಗೆ 4,001, 4,002 ಎಂಬ ಸಂಖ್ಯೆ ಬೀಳುತ್ತದೆ, ಉಳಿದವು ಅವನ್ನು ಹಳೆಯ ಸುದ್ದಿ ಎಂದು ಬಿಟ್ಟುಬಿಡುತ್ತವೆ. ಹಲವು ಸಲ ಯಾವ ದೋಷಸಂದೇಶವೂ ಕಾಣದೆ ಎರಡು ಸರ್ವರ್‌ಗಳ ತಿಳಿವಳಿಕೆ ಬೇರೆಯಾಗುತ್ತ ಹೋಗುತ್ತದೆ. ಯುಎಸ್‌ಎನ್ ರೋಲ್‌ಬ್ಯಾಕ್ ಎಂಬುದು ಇದೇ.

ವಿಂಡೋಸ್ ಸರ್ವರ್ 2012ರಿಂದ ಇದಕ್ಕೊಂದು ಪರಿಹಾರವಿದೆ. ಯಂತ್ರವನ್ನು ಹಿಂದಿನ ಸ್ಥಿತಿಗೆ ಒಯ್ದಾಗ ಹೈಪರ್‌ವೈಸರ್ ಒಂದು ವಿಶೇಷ ಗುರುತನ್ನು ಬದಲಿಸುತ್ತದೆ, ಅದನ್ನು ಕಂಡ ಡೊಮೇನ್ ಕಂಟ್ರೋಲರ್ ತಾನೀಗ ಹೊಸಬ ಎಂದು ಉಳಿದವುಗಳಿಗೆ ಪರಿಚಯಿಸಿಕೊಂಡು ಹೊಸದಾಗಿ ಎಣಿಕೆ ಆರಂಭಿಸುತ್ತದೆ. ಹಾಗಿದ್ದರೂ 180 ದಿನಗಳಿಗಿಂತ ಹಳೆಯ ಬ್ಯಾಕಪ್ಪನ್ನು ಬಳಸುವಂತಿಲ್ಲ. ಅಳಿಸಿದ ಖಾತೆಗಳ ನೆನಪನ್ನು ಉಳಿದ ಸರ್ವರ್‌ಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಅಷ್ಟೇ ದಿನ. ಇನ್ನೊಂದು ಕಂಟ್ರೋಲರ್ ಆರೋಗ್ಯವಾಗಿದ್ದರೆ ಕೆಟ್ಟದ್ದನ್ನು ಮರಳಿಸುವ ಬದಲು ಹೊಸದೊಂದನ್ನು ಕಟ್ಟುವುದೇ ಹಗುರ.

ಸಾಮಾನ್ಯ ಸರ್ವರ್‌ಗಳಿಗೂ ಇದರ ಸಣ್ಣ ಎಳೆ ತಗಲುತ್ತದೆ. ಡೊಮೇನ್‌ಗೆ ಸೇರಿದ ಪ್ರತಿ ವಿಂಡೋಸ್ ಯಂತ್ರ 30 ದಿನಕ್ಕೊಮ್ಮೆ ತನ್ನದೇ ಗುಪ್ತ ಪಾಸ್‌ವರ್ಡ್ ಬದಲಿಸಿಕೊಳ್ಳುತ್ತದೆ. ಅದಕ್ಕಿಂತ ಹಿಂದಿನ ಬ್ಯಾಕಪ್‌ನಿಂದ ಎದ್ದರೆ, ಡೊಮೇನ್‌ನೊಂದಿಗಿನ ವಿಶ್ವಾಸ ಸಂಬಂಧ ಮುರಿದಿದೆ ಎಂಬ ಸಂದೇಶ ಬರುತ್ತದೆ. ಯಂತ್ರ ಕೆಟ್ಟಿಲ್ಲ, ಪಾಸ್‌ವರ್ಡ್ ಹಳೆಯದಾಗಿದೆ ಅಷ್ಟೇ. ಸ್ಥಳೀಯ ಅಡ್ಮಿನ್ ಖಾತೆಯಿಂದ ಒಳಹೋಗಿ ಸಂಬಂಧವನ್ನು ಮತ್ತೆ ಜೋಡಿಸಬೇಕು. ಆ ಸ್ಥಳೀಯ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಆ ಕ್ಷಣದಲ್ಲೇ.

ಮೊದಲು ನೋಡಬೇಕಾದ್ದು, ನಂತರ ನೋಡಬೇಕಾದ್ದು

ಮೂಲ ಜಾಗಕ್ಕೇ ಮರಳಿಸುವುದೆಂದು ತೀರ್ಮಾನವಾದ ಮೇಲೆ ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಡೇಟಾಸ್ಟೋರ್‌ನಲ್ಲಿ ಜಾಗವಿದೆಯೇ, ಮರೆತುಬಿಟ್ಟ ಹಳೆಯ ಸ್ನ್ಯಾಪ್‌ಶಾಟ್‌ಗಳು ಅದನ್ನು ನುಂಗಿವೆಯೇ, ಬ್ಯಾಕಪ್ ಆದ ಮೇಲೆ ಡಿಸ್ಕ್ ಅಥವಾ ನೆಟ್‌ವರ್ಕ್‌ನ ಹೆಸರು ಬದಲಾಗಿದೆಯೇ ಎಂದು ನೋಡಬೇಕು. ಬಳಕೆದಾರರಿಗೆ ಕೆಲಸ ನಿಲ್ಲಿಸಲು ಹೇಳಬೇಕು, ಇಲ್ಲದಿದ್ದರೆ ಯಂತ್ರ ಆರುವ ಕ್ಷಣದವರೆಗೂ ಯಾರೋ ರಸೀದಿ ಹಾಕುತ್ತಲೇ ಇರುತ್ತಾರೆ. ಮರಳಿಸಿದೊಡನೆ ತಾನಾಗಿಯೇ ಚಾಲೂ ಆಗುವಂತೆ ಬಿಡದೆ, ಮೊದಲು ನೆಟ್‌ವರ್ಕ್ ಕಡಿದು ಎಬ್ಬಿಸಿ, ದತ್ತಸಂಚಯದ ಆರೋಗ್ಯ, ಗಡಿಯಾರ, ಸೇವೆಗಳು ಸರಿಯಿವೆಯೇ ಎಂದು ನೋಡಿ, ನಂತರ ಜೋಡಿಸುವುದು ಕ್ಷೇಮ.

ಬ್ಯಾಕಪ್ ಬಳಕೆಗೆ ಬರುತ್ತದೆಯೇ ಎಂಬುದನ್ನು ಆಪತ್ತಿನ ದಿನ ಕಂಡುಕೊಳ್ಳಬಾರದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ದತ್ತಸಂಚಯವನ್ನು ಅಳಿಸಿದಾಗ, ನಿತ್ಯದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತಿದ್ದುದು ಆಗಷ್ಟೇ ಬೆಳಕಿಗೆ ಬಂತು. ಅದೃಷ್ಟವಶಾತ್ ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಕೈಹಿಡಿಯಿತು. ತಿಂಗಳಿಗೊಮ್ಮೆಯಾದರೂ ಒಂದು ಯಂತ್ರವನ್ನು ಬೇರೆ ಹೆಸರಿನಲ್ಲಿ ಮರಳಿಸಿ ನೋಡುವ ಅಭ್ಯಾಸಕ್ಕೆ ತಗಲುವ ಖರ್ಚು ಒಂದಿಷ್ಟು ಡಿಸ್ಕ್ ಜಾಗ ಮಾತ್ರ.

ಯಂತ್ರ ಎದ್ದ ಮೇಲಿನ ಮೊದಲ ರಾತ್ರಿಯ ಬ್ಯಾಕಪ್ ಎಂದಿಗಿಂತ ಬಹಳ ಹೊತ್ತು ಹಿಡಿದರೆ ಗಾಬರಿ ಬೇಡ. ಬದಲಾದ ಭಾಗಗಳ ಟಿಪ್ಪಣಿಯನ್ನು ಆಗ ನೆಚ್ಚುವಂತಿಲ್ಲದ್ದರಿಂದ ಡಿಸ್ಕನ್ನು ಪೂರ್ತಿ ಓದಬೇಕಾಗುತ್ತದೆ. ಹಳೆಯ ವಿಎಂ ಅಳಿಸಿ ಹೊಸದಾಗಿ ನೋಂದಾಯಿಸುವ ಪದ್ಧತಿಯಾದರೆ ಒಳಗಿನ ಗುರುತು ಬದಲಾಗಿ, ಬ್ಯಾಕಪ್ ತಂತ್ರಾಂಶ ಅದನ್ನು ಅಪರಿಚಿತ ಯಂತ್ರವೆಂದೇ ತಿಳಿಯಬಹುದು. ನಿತ್ಯದ ಬ್ಯಾಕಪ್ ಪಟ್ಟಿಯಲ್ಲಿ ಅದು ಇನ್ನೂ ಇದೆಯೇ ಎಂದು ಮರುದಿನ ಬೆಳಿಗ್ಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸೇರಿಸಬೇಕು. ಅಜೂರ್‌ನಂಥ ಕ್ಲೌಡ್‌ನಲ್ಲಾದರೆ ಬದಲಿಸಿ ತೆಗೆದಿಟ್ಟ ಹಳೆಯ ಡಿಸ್ಕ್ ಅಲ್ಲೇ ಉಳಿದು ಅದರ ಬಾಡಿಗೆ ಬಿಲ್ಲಿಗೆ ಸೇರುತ್ತಲೇ ಇರುತ್ತದೆ. ನಡುವಿನ ದಿನಗಳ ದಾಖಲೆಯನ್ನೆಲ್ಲ ಹೊರತೆಗೆದು ತಾಳೆ ನೋಡಿ ಮುಗಿದ ಮೇಲೆ ಅದನ್ನು ಕೈಯಾರೆ ಅಳಿಸಬೇಕು.